ಹೊಸ್ತಿಲಲ್ಲಿ ಇಟ್ಟು ಹಿಂದೆ ಸರಿಯುವ ನಾಯಿ

ಮೂರು ದಿನದ ಆ ಪರೀಕ್ಷೆಗೆ ನಾಯಿ ಮೊದಲು ಕಲಿಯಬೇಕಾದದ್ದು ಸುಮ್ಮನೆ ಕೂರುವುದನ್ನು. ಬೇರೆ ನಾಯಿಗಳು ಓಡಲಿ, ಪಕ್ಕದಲ್ಲೇ ಪಟಾಕಿ ಢಮ್ಮೆನ್ನಲಿ, ತನ್ನ ಸರದಿ ಬರುವವರೆಗೆ ಅದು ಅಲುಗಾಡಬಾರದು. ನಮ್ಮ ಲ್ಯಾಬ್ರಡಾರ್‌ಗೆ ಅದು ಹುಟ್ಟಿನಿಂದಲೇ ಬಂದಿತ್ತು. ಬಾರದೆ ಇದ್ದದ್ದು ನನಗೆ. ಬಸ್ಸಿಗೆ ಕಾಯುವಾಗಲೂ ನಾನು ಒಂದು ಕಡೆ ನಿಂತವಳಲ್ಲ. ಎರಡು ಹೆಜ್ಜೆ ರಸ್ತೆಗಿಳಿದು ಬಗ್ಗಿ ನೋಡಿದರೆ ಬಸ್ಸು ಬೇಗ ಬರುತ್ತದೆ ಎಂದು ಈ ವಯಸ್ಸಿನಲ್ಲೂ ನಂಬಿದ್ದೇನೆ.

ಆ ತಿಂಗಳಂತೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸಂಜಯನಗರದಲ್ಲಿ ಹದಿನಾಲ್ಕು ವರ್ಷ ನಾವು ಬಾಡಿಗೆಗಿದ್ದ ಮನೆಯನ್ನು ಮಾಲೀಕರು ಕೆಡವಿ ನಾಲ್ಕಂತಸ್ತು ಕಟ್ಟಿಸುವವರಿದ್ದರು. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಮನೆಯಲ್ಲಿ ಇದ್ದದ್ದು ಅವ್ವ, ನಾನು, ನಾಯಿ. ನಾವು ಬಾಗಲಕೋಟೆ ಕಡೆಯವರು. ನಾನು ಯಶವಂತಪುರದ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದೇನೆ. ಇಬ್ಬರು ಹೆಂಗಸರು ಎಂದರೆ ಬ್ರೋಕರ್‌ಗಳಿಗೆ ಖುಷಿ. ನಾಯಿ ಇದೆ ಎಂದ ಕೂಡಲೇ ದನಿ ಬದಲಾಗುತ್ತಿತ್ತು. "ನಾಯಿ ಅಂದ್ರೆ ಓನರ್ ಒಪ್ಪಲ್ಲ ಮೇಡಂ, ಬೇರೆ ಇದ್ರೆ ಹೇಳ್ತೀನಿ."

ಒಪ್ಪಿದ್ದು ಒಂದೇ ಮನೆ, ಜಾಲಹಳ್ಳಿಯಲ್ಲಿ. ಶೀಟಿನ ಸೂರು, ಮುಂದೆ ಸಿಮೆಂಟಿನ ಅಂಗಳ, ವಿಮಾನ ಹೋದಾಗಲೆಲ್ಲ ಶೀಟುಗಳು ಗಡಗಡ ಎನ್ನುತ್ತಿದ್ದವು. ಅದನ್ನೂ ಅವ್ವ ಸಹಿಸುತ್ತಿದ್ದಳೇನೋ. ಆದರೆ ಬಾಗಿಲಿಗೆ ಹೊಸ್ತಿಲೇ ಇರಲಿಲ್ಲ. ಅಂಗಳದ ಸಿಮೆಂಟೇ ಹಾಗೆ ಒಳಕ್ಕೆ ಹೋಗಿತ್ತು. ಅವ್ವ ಹೊರಗೇ ನಿಂತು ನೋಡಿ ತಿರುಗಿಬಿಟ್ಟಳು. "ಹೊಸ್ತಿಲಾನ ಇಲ್ಲದ ಮನ್ಯಾಗ ಹ್ಯಾಂಗ ಇರೂದು? ನಡಿ ಇಲ್ಲಿಂದ."

ಹೊಸ್ತಿಲು ಎಂದರೆ ಅವ್ವನಿಗೆ ಅಷ್ಟಿಷ್ಟು ಭಕ್ತಿಯಲ್ಲ. ದಿನಾ ಬೆಳಿಗ್ಗೆ ತೊಳೆದು, ಅರಿಶಿನ ಕುಂಕುಮ ಇಟ್ಟು, ಮುಂದೆ ರಂಗೋಲಿ ಎಳೆದ ಮೇಲೆಯೇ ಚಹಾ. ನಾಯಿ ಗೇಟಿನಿಂದ ಹಾಲಿನ ಪ್ಯಾಕೆಟ್ ಕಚ್ಚಿಕೊಂಡು ಬರುತ್ತಿತ್ತು. ಅದರ ಬಾಯಿಂದ ನೇರವಾಗಿ ತೆಗೆದುಕೊಳ್ಳಲು ಅವ್ವ ಸುತರಾಂ ಒಪ್ಪಲಿಲ್ಲ. "ಬೇಕಾದ್ರ ನನ್ನ ಕೂಸು ಅಂತೀನಿ. ಎಂಜಲಾ ಮಾತ್ರ ಕೈಯಾಗ ಇಸ್ಕೊಳ್ಳಂಗಿಲ್ಲ." ಹಾಗಾಗಿ ಮರಿಯಿದ್ದಾಗಲೇ ಅದಕ್ಕೆ ಕಲಿಸಿದ್ದಳು: ರಂಗೋಲಿಯ ಬಿಳಿ ಗೆರೆ ತುಳಿಯಬಾರದು, ಅದರ ಹೊರಗೇ ಪ್ಯಾಕೆಟ್ ಇಟ್ಟು ಹಿಂದೆ ಸರಿದು ಕೂರಬೇಕು. ಆಮೇಲೆ ಅವಳು ಬಂದು ಪ್ಯಾಕೆಟ್ ಮೇಲೆ ಚೊಂಬು ನೀರು ಸುರಿದು ಎತ್ತಿಕೊಳ್ಳುತ್ತಿದ್ದಳು.

ಪರೀಕ್ಷೆ ನಡೆಸುತ್ತಿದ್ದವರು ಯಲಹಂಕದಾಚೆಯ ಒಬ್ಬ ತೋಟದ ಯಜಮಾನರು. ಹಳೇ ಒಕ್ಕಲು ಮನೆತನ. ಜಮೀನಿನ ಅರ್ಧ ಲೇಔಟ್ ಆಗಿದ್ದರೂ ಕೆರೆಯ ಅಂಚಿನದನ್ನು ನಾಯಿಗಳಿಗಾಗಿಯೇ ಉಳಿಸಿಕೊಂಡಿದ್ದರು. ಬೇಟೆ ನಾಯಿಗಳ ಪರೀಕ್ಷೆ ಎನ್ನುವುದು ಹೆಸರಿಗಷ್ಟೇ. ಬೇಟೆಗೆ ಕಾನೂನಿನ ಒಪ್ಪಿಗೆಯಿಲ್ಲ, ಹಕ್ಕಿಯೂ ಇಲ್ಲ. ಹಕ್ಕಿಯ ಬದಲು ಕ್ಯಾನ್ವಾಸ್ ಬಟ್ಟೆಯ ಒಂದು ಸುರುಳಿಯನ್ನು ದೂರಕ್ಕೆ ಎಸೆಯುತ್ತಾರೆ. ಡಮ್ಮಿ ಎಂದು ಅದರ ಹೆಸರು. ನಾಯಿ ಅದನ್ನು ಹುಡುಕಿ ತಂದು, ನಿಂತ ಜಾಗ ಬಿಡದ ಒಡೆಯನ ಕೈಗೆ ಕೊಡಬೇಕು. ಆಟಕ್ಕೆಂದು ಭಾನುವಾರಗಳಲ್ಲಿ ನಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದ ನಾನು, ಮನೆಯ ಕಥೆ ಬಂದಾಗ ಇದನ್ನು ಇಟ್ಟುಕೊಳ್ಳುತ್ತೀರಾ ಎಂದು ಅವರನ್ನೇ ಕೇಳಿದೆ.

"ಇಟ್ಕೊಂತೀನಿ ಮೇಡಮ್ಮೋರೆ," ಎಂದರು. "ಆದ್ರೆ ಮೂರು ದಿನಾನೂ ಪಾಸಾಗ್ಬೇಕು. ಈಗ್ಲೇ ಏಳ್ಬುಟ್ಟಿದೀನಿ. ಸುಮ್ಕೆ ತಿಂದ್ಕೊಂಡ್ ಮನಗೋವು ಆಗ್ಲೇ ನಾಲ್ಕವೆ ನಮ್ತಾವ."

ಪಾಸಾದರೆ ನಾಯಿ ನಮ್ಮನ್ನು ಬಿಟ್ಟು ಹೋಗುತ್ತದೆ, ಫೇಲಾದರೆ ಅದಕ್ಕೆ ಮನೆಯೇ ಇಲ್ಲ. ಪಾಸಾಗಲಿ ಎಂದೇ ದೇವರನ್ನು ಬೇಡಿಕೊಂಡೆ. ಮೊದಲು ಆಟಕ್ಕೆ ಹೋಗುತ್ತಿದ್ದಾಗ, ಕೈಗೆ ಕೊಡುವುದನ್ನು ಕಲಿಸಲಿಕ್ಕೇ ಎರಡು ತಿಂಗಳು ಹಿಡಿದಿತ್ತು. ಮನೆ ಹಿಂದಿನ ಖಾಲಿ ಸೈಟಿನಲ್ಲಿ ದಿನಾ ಸಂಜೆ "ತಾ, ತಾ" ಎಂದು ಕೈಚಾಚಿ ಕೂತು ಕೂತು ಮೊಣಕಾಲು ನೋವು ಬಂದಿತ್ತು.

ಮೊದಲ ದಿನ ಹುಲ್ಲಿನಲ್ಲಿ ಬಿದ್ದ ಡಮ್ಮಿಯನ್ನು ಅದು ನೇರವಾಗಿ ಹೋಗಿ ಎತ್ತಿ ತಂದು ಕೈಗಿತ್ತಿತು. ನಾನು ಕುಣಿದಾಡುವುದೊಂದು ಬಾಕಿ. ತೀರ್ಪುಗಾರರು, ಮಾತು ಕಮ್ಮಿಯ ಒಬ್ಬ ನಿವೃತ್ತ ಸೈನಿಕರು, ಹತ್ತಿರ ಬಂದು ನೆಟ್ಟಿದ್ದ ಕೋಲನ್ನು ತೋರಿಸಿದರು. ಅದು ನನ್ನ ಹಿಂದೆ ಎರಡು ಹೆಜ್ಜೆ ದೂರದಲ್ಲಿತ್ತು. "ಇಲ್ಲೇ ನಿಲ್ಬೇಕು ಮೇಡಂ. ನಾಯಿ ಬರತ್ತೆ, ನೀವು ಹೋಗ್ಬಾರ್ದು."

ಎರಡನೇ ದಿನ ಕೆರೆ. ನಾಯಿ ನೀರಿಗೆ ಬಿದ್ದು ಆ ದಡಕ್ಕೆ ಈಜುತ್ತಿದ್ದರೆ ನನ್ನ ಜೇಬಿನಲ್ಲಿ ಫೋನು ಗುರ್ರೆನ್ನುತ್ತಿತ್ತು. ಬ್ರೋಕರ್ ಇರಬಹುದು, ಒಳ್ಳೆಯ ಸುದ್ದಿ ಇರಬಹುದು. ತೆಗೆಯುವಂತಿಲ್ಲ, ಬಿಡುವಂತಿಲ್ಲ. ನಾಯಿ ಒದ್ದೆ ಮೈಯಲ್ಲಿ ಬಂದು ಡಮ್ಮಿ ಕೊಟ್ಟಾಗ ನನ್ನ ಚಪ್ಪಲಿ ಕೆಸರಿನಲ್ಲಿತ್ತು, ಕೋಲಿನಿಂದ ನಾಲ್ಕು ಹೆಜ್ಜೆ ಮುಂದೆ. "ನಾಯಿ ಪಾಸು," ಎಂದರು ತೀರ್ಪುಗಾರರು. "ನಿಮ್ದೇ ಕಷ್ಟ."

ಮೂರನೇ ದಿನ ಅವ್ವನೂ ಬಂದಳು. ಪಾಸಾದರೆ ನಾಯಿಯನ್ನು ಅಲ್ಲೇ ಬಿಟ್ಟು ಬರುವುದೆಂದು ಆಗಿತ್ತಲ್ಲ. ಅದರ ಅಲ್ಯೂಮಿನಿಯಂ ತಟ್ಟೆ, ಮಲಗುವ ಹಳೇ ಚಾದರ, ಒಂದಿಷ್ಟು ರೊಟ್ಟಿ, ಎಲ್ಲವನ್ನೂ ಕೈಚೀಲಕ್ಕೆ ತುಂಬಿಕೊಂಡಿದ್ದಳು.

ಆ ಬೆಳಿಗ್ಗೆ ಕೋಲನ್ನು ಕಿತ್ತಿದ್ದರು. ಮುಂದೆ ಮುಂದೆ ಹೋಗುವವರಿಗಾಗಿ, ಅಂದರೆ ನನಗಾಗಿ, ನೆಲದ ಮೇಲೆ ಗೆರೆ ಹಾಕಿಸಿದ್ದರು. ಸುಣ್ಣದ ಪುಡಿ ಇರಲಿಲ್ಲವೆಂದು ಯಜಮಾನರು ಮನೆಯಿಂದ ರಂಗೋಲಿ ಡಬ್ಬ ತರಿಸಿದ್ದರು. ನೋಡಿದೆ. ನೋಡಿಯೂ ನನಗೆ ಏನೂ ಹೊಳೆಯಲಿಲ್ಲ. ಕಾಲನ್ನು ಅದರ ಹಿಂದೆ ಇಟ್ಟುಕೊಳ್ಳುವುದಷ್ಟೇ ನನ್ನ ತಲೆಯಲ್ಲಿತ್ತು.

ಆ ದಿನದ ಡಮ್ಮಿ ಕಣ್ಣಿಗೆ ಕಾಣದಂತೆ ಪೊದೆಯೊಳಗಿತ್ತು. ನಾಯಿ ಮೂಗಿನಲ್ಲೇ ಹುಡುಕಿ ತೆಗೆಯಿತು. ನೋಡುತ್ತಿದ್ದವರು "ಸೂಪರ್ ಗುರು" ಎಂದದ್ದೂ ಕೇಳಿತು. ಓಡಿ ಬಂದದ್ದು ಗೆರೆಯ ಹತ್ತಿರ ಗಕ್ಕನೆ ನಿಂತಿತು. ಬಗ್ಗಿ ಮೂಸಿತು. ಡಮ್ಮಿಯನ್ನು ಗೆರೆಯ ಆಚೆಗೇ ಜೋಪಾನವಾಗಿ ಇಟ್ಟು, ಹಿಂದೆ ಸರಿದು ಕೂತು, ಬಾಲ ಆಡಿಸಿತು.

"ತಾ," ಎಂದೆ, ಕೈಚಾಚಿ. ಅದು ಮತ್ತೆ ಎತ್ತಿಕೊಂಡಿತು, ಮತ್ತೆ ಅಲ್ಲೇ ಇಟ್ಟಿತು, ಈ ಸಲ ಇನ್ನೂ ನೇರವಾಗಿ. ಸರಿಯಾಗಿ ಇಡದಿದ್ದಕ್ಕೆ ಬೈದೆ ಎಂದುಕೊಂಡಿತೇನೋ. ಮೂರನೇ ಸಲವೂ ಅದೇ. ತೀರ್ಪುಗಾರರು ಕಾಗದದ ಮೇಲೆ ಏನೋ ಗೀಚಿ ತಲೆಯಾಡಿಸಿದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಷ್ಟು ಜನರ ಮುಂದೆ ಅವ್ವನ ಕಡೆ ತಿರುಗಿ ಕೂಗಿದೆ. "ನಿನ್ನಿಂದನ ಆತಿದು! ನಿನ್ನ ರಂಗೋಲಿ, ನಿನ್ನ ಎಂಜಲಾ ಮುಸುರಿಯಿಂದನ!"

ಯಜಮಾನರು ಬಂದು, "ಒಳ್ಳೆ ನಾಯಿ ಮೇಡಮ್ಮೋರೆ, ಬೇಜಾರ್ ಮಾಡ್ಕೋಬ್ಯಾಡಿ. ಆದ್ರೆ ಏಳಿದ್ನಲ್ಲ," ಎಂದು ಹೊರಟುಹೋದರು. ನಾನು ಹೊಂಗೆ ಮರದ ಸುತ್ತ ತಿರುಗಿದೆ, ಕೂತೆ, ಎದ್ದೆ. ನಾನು ಇದ್ದಲ್ಲೇ ನಿಂತಿದ್ದರೆ ಆ ಗೆರೆಯನ್ನು ಯಾರೂ ಎಳೆಯುತ್ತಿರಲಿಲ್ಲ ಎನ್ನುವುದು ಅಷ್ಟರಲ್ಲಿ ತಲೆಗೆ ಹೋಗಿತ್ತು. ಅವ್ವನಿಗೆ ಇದನ್ನು ಇವತ್ತಿಗೂ ಹೇಳಿಲ್ಲ, ನಾಚಿಕೆಯಾಗುತ್ತದೆ.

ಅವ್ವ ಚೀಲದಿಂದ ತಟ್ಟೆ ತೆಗೆದು ರೊಟ್ಟಿ ಮುರಿದು ಹಾಕಿದಳು. ನಾಯಿ ತಿಂದು ಮುಗಿಸುವವರೆಗೂ ನೋಡುತ್ತಾ ಕೂತಳು. ಆಮೇಲೆ ಕೇಳಿದಳು, "ಆ ಜಾಲಹಳ್ಳಿ ಮನಿ ಇನ್ನಾ ಖಾಲಿ ಐತೇನು?"

"ಅದಕ್ಕ ಹೊಸ್ತಿಲಿಲ್ಲಲ್ಲ ಯವ್ವಾ."

"ಮೊದಲ ಫೋನ್ ಹಚ್ಚಿ ಕೇಳು."

ಮುಂದಿನ ವಾರ ಒಂದು ಸಂಜೆ ಅಲ್ಲಿ ಸಾಮಾನು ಇಳಿಸಿದೆವು. ಮರುದಿನ ಬೆಳಿಗ್ಗೆ ಹೊಸ ಮನೆಯ ಹಾಲು ಉಕ್ಕಿಸುವುದಿತ್ತು. ರಂಗೋಲಿ ಡಬ್ಬ ಯಾವುದೋ ಪೆಟ್ಟಿಗೆಯಲ್ಲಿ ಸೇರಿಹೋಗಿತ್ತು. ನಾಯಿ ಎಂದಿನಂತೆ ಗೇಟಿನಿಂದ ಪ್ಯಾಕೆಟ್ ಕಚ್ಚಿ ತಂದು ಬಾಗಿಲಿಗೆ ಬಂತು, ನೆಲ ನೋಡಿತು. ಹೊಸ್ತಿಲಿಲ್ಲ, ಗೆರೆಯಿಲ್ಲ. ಗೇಟಿಗೆ ವಾಪಸು ಹೋಯಿತು, ಮತ್ತೆ ಬಂತು, ಅಂಗಳದಲ್ಲಿ ಎರಡು ಸುತ್ತು ಹಾಕಿತು. ಅದು ಅಷ್ಟು ಚಡಪಡಿಸಿದ್ದನ್ನು ನಾನು ಕಂಡಿರಲಿಲ್ಲ. ತಡೆಯಲಾರದೆ ಮುಂದೆ ಹೆಜ್ಜೆ ಇಟ್ಟೆ.

ಅವ್ವ ನನ್ನ ರಟ್ಟೆ ಹಿಡಿದಳು. "ನೀ ನಿಂದ್ರಿಲ್ಲಿ."

ಬಾಗಿಲಲ್ಲಿ ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತು, ಬರಿಗೈ ಚಾಚಿದಳು. "ತಾ," ಎಂದಳು. ನಾಯಿ ಒಮ್ಮೆ ನೆಲ ನೋಡಿತು, ಒಮ್ಮೆ ಅವಳ ಮುಖ ನೋಡಿತು. ಆಮೇಲೆ ಹತ್ತಿರ ಬಂದು, ಪ್ಯಾಕೆಟ್ಟನ್ನು ಅವಳ ಅಂಗೈಯಲ್ಲಿಟ್ಟಿತು.

ಅವ್ವ ಒಳಗೆ ಹೋಗಿ ಎರಡೆರಡು ಸಲ ಸೋಪು ಹಾಕಿ ಕೈ ತೊಳೆದುಕೊಂಡಳು. ಆಮೇಲೆ ಅದೇ ಹಾಲನ್ನು ಒಲೆಗಿಟ್ಟು ಉಕ್ಕಿಸಿದಳು.