ಹೋದ ವರ್ಷದ್ದೇ ರುಚಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಿಯರ್ ಕಾರ್ಖಾನೆಯ ಹಿಂಬದಿಯ ಸಣ್ಣ ಕೋಣೆಯಲ್ಲಿ ಒಬ್ಬ ಹೆಂಗಸು ಖಾಲಿ ಹೊಟ್ಟೆಯಲ್ಲಿ ಕೂತು ಒಂದು ಗ್ಲಾಸನ್ನು ಎರಡೂ ಅಂಗೈಗಳ ನಡುವೆ ಬೆಚ್ಚಗೆ ಮಾಡುತ್ತಿದ್ದಾರೆ. ಮೇಲೆ ಮುಚ್ಚಿದ್ದ ಬಸಿ ಸರಿಸಿ ಮೂಸುತ್ತಾರೆ. ಒಂದು ಗುಟುಕು ಕುಡಿದು ನುಂಗುತ್ತಾರೆ. ವೈನ್ ರುಚಿ ನೋಡುವವರ ಹಾಗೆ ಇವರು ಉಗುಳುವಂತಿಲ್ಲ. ಬಿಯರಿನ ಕಹಿ ಪೂರ್ತಿ ಗೊತ್ತಾಗುವುದು ಅದು ಗಂಟಲಿಗೆ ಇಳಿಯುವಾಗಲೇ.

ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂರುತ್ತಾರೆ. ಆಮೇಲೆ ಗ್ಲಾಸನ್ನು ಮೇಜಿನ ಮೇಲಿಟ್ಟು, ‘ಗೊತ್ತಾಗ್ತಿಲ್ಲ’ ಅನ್ನುತ್ತಾರೆ.

ಕಾರ್ಖಾನೆಯಲ್ಲಿ ಎಲ್ಲರಿಗೂ ಇವರು ರುಚಿಯಕ್ಕ. ಮದುವೆಯಾದ ಹೊಸತರಲ್ಲಿ ಬಾಟಲಿ ತೊಳೆಯುವ ಕೆಲಸಕ್ಕೆ ಸೇರಿದವರು. ತೊಳೆದು ಒಣಗಿಸಿಟ್ಟ ಬಾಟಲಿಯೊಂದನ್ನು ಮೂಸಿ, ‘ಇದರಲ್ಲಿ ಯಾರೋ ಸೀಮೆಎಣ್ಣೆ ತುಂಬಿಟ್ಟಿದ್ರು’ ಎಂದರಂತೆ. ಪಕ್ಕದಲ್ಲೇ ನಿಂತಿದ್ದ ದೊಡ್ಡ ಯಜಮಾನರು ಅವತ್ತೇ ಇವರನ್ನು ಈ ಕೋಣೆಗೆ ಕರೆತಂದು ಕೂರಿಸಿದರು. ಅವರು ತೀರಿಕೊಂಡು ಈಗ ಮಗನ ಕಾರುಬಾರು. ಪ್ರತಿ ಬಾಟಲಿಯ ಮೇಲೂ ದೊಡ್ಡ ಯಜಮಾನರ ಸಹಿ ಅಚ್ಚಾಗಿರುತ್ತದೆ. ಇವರ ಹೆಸರು ಎಲ್ಲೂ ಇಲ್ಲ, ಇರಬೇಕೆಂದು ಇವರು ಕೇಳಿದ್ದೂ ಇಲ್ಲ.

ಈ ಕೆಲಸಕ್ಕಾಗಿ ಬಿಟ್ಟಿದ್ದು ಕಡಿಮೆಯೇನಲ್ಲ. ಟೂತ್‌ಪೇಸ್ಟ್ ಇಲ್ಲ, ಪೌಡರ್ ಇಲ್ಲ, ತಲೆಗೆ ವಾಸನೆಯ ಎಣ್ಣೆ ಇಲ್ಲ. ಅಡುಗೆಮನೆಗೆ ಬೆಳ್ಳುಳ್ಳಿ ಕಾಲಿಟ್ಟು ವರ್ಷಗಳಾದವು. ಬಸ್ ಓಡಿಸಿ ನಿವೃತ್ತರಾದ ಗಂಡ ಅದನ್ನು ಹೇಳಿಕೊಂಡು ನಗುತ್ತಾರೆ: ‘ಮನೆಗೆ ಹೆಂಡ್ತಿ ಬಂದ್ಲು ಅಂದ್ಕೊಂಡಿದ್ದೆ. ಬಂದಿದ್ದು ನಾಲಿಗೆ. ಅದರ ಪಥ್ಯ ನಾನೂ ಮಾಡ್ತಿದೀನಿ.’ ಕೆಲಸ ಮುಗಿಸಿ ಬಸ್ಸು ಹತ್ತಿದರೆ ಪಕ್ಕದ ಸೀಟಿನವರು ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಾರೆ. ‘ಬೆಳಬೆಳಗ್ಗೆನೇ ಏರಿಸ್ಕೊಂಡಿದಾಳೆ ಅಂತಾರೆ. ಅಂದ್ಕೊಳ್ಳಲಿ ಬಿಡಿ, ನನಗೆ ಕಿಟಕಿ ಸೀಟು ಸಿಗುತ್ತೆ’ ಎಂದು ರುಚಿಯಕ್ಕ ಹೇಳುತ್ತಾರೆ.

ಇಲ್ಲಿ ಋತುವಿಗೊಂದು ಬಿಯರ್. ಅದರಲ್ಲಿ ಹೆಸರು ಮಾಡಿದ್ದು ಚಳಿಗಾಲದ ಕಪ್ಪು ಬಿಯರ್. ಅದು ವರ್ಷಕ್ಕೊಮ್ಮೆ ತಯಾರಾಗಿ, ಚಳಿ ಮುಗಿಯುವ ಹೊತ್ತಿಗೆ ಖರ್ಚಾಗುತ್ತದೆ. ಮುಂದಿನ ವರ್ಷ ಹೊಸದನ್ನು ಹಳೆಯದರ ಪಕ್ಕ ಇಟ್ಟು ನೋಡೋಣವೆಂದರೆ ಹಳೆಯದು ಇರುವುದಿಲ್ಲ, ಎತ್ತಿಟ್ಟರೆ ಕೆಡುತ್ತದೆ. ಬಣ್ಣವನ್ನೂ ಅಮಲನ್ನೂ ಅಳೆಯುವುದಕ್ಕೆ ಯಂತ್ರವಿದೆ. ರುಚಿಗೆ ಇರುವುದು ರುಚಿಯಕ್ಕನ ನೆನಪು. ಇವರು ‘ಹೋದ ವರ್ಷದ್ದೇ’ ಎಂದ ಮೇಲೆಯೇ ಬಾಟಲಿ ತುಂಬುವ ಯಂತ್ರ ಶುರುವಾಗುತ್ತದೆ. ಜೊತೆಗೆ ರುಚಿ ನೋಡುವ ನಾಲ್ವರಿದ್ದಾರೆ. ಪ್ಯಾಕಿಂಗಿನ ಇಬ್ಬರು, ಲ್ಯಾಬಿನವನೊಬ್ಬ, ಲೆಕ್ಕ ಬರೆಯುವ ಹುಡುಗಿಯೊಬ್ಬಳು. ನಾಲ್ವರನ್ನೂ ತಿದ್ದಿ ತೀಡಿ ತಯಾರು ಮಾಡಿದವರು ಇವರೇ.

ಬೇಸಿಗೆಯ ಕೊನೆಯಲ್ಲಿ ಹಳೆಯ ಮೇಸ್ತ್ರಿ ಊರಿಗೆ ಬಂದರು. ಕಪ್ಪು ಬಿಯರನ್ನು ಮೊದಲು ಕಾಯಿಸಿದವರು ಅವರು. ಕಾಯಿಲೆ ಬಿದ್ದು ಕೆಲಸ ಬಿಟ್ಟು, ದೂರದಲ್ಲಿರುವ ತಂಗಿಯ ಮನೆ ಸೇರಿ, ಅಲ್ಲಿಂದಾಚೆಗೆ ಬಿಯರ್ ಮುಟ್ಟಿರಲಿಲ್ಲ. ಈಗ ಡಾಕ್ಟರು ಒಂದೆರಡು ಗುಟುಕಿಗೆ ಒಪ್ಪಿದ್ದರು. ಕೋಲ್ಡ್ ರೂಮಿನ ಮೂಲೆಯಲ್ಲಿ ಹೇಗೋ ಉಳಿದು ಇನ್ನೂ ಕೆಡದಿದ್ದ ಕಳೆದ ಚಳಿಗಾಲದ ಬಾಟಲಿಯೊಂದನ್ನು ರುಚಿಯಕ್ಕ ಹೆಮ್ಮೆಯಿಂದ ತೆರೆದು ಕೊಟ್ಟರು.

‘ಚೆನ್ನಾಗಿದೆಯಮ್ಮ. ಯಾವುದಿದು, ಹೊಸದಾ?’

‘ಏನಣ್ಣ ತಮಾಷೆ! ನಿಮ್ಮದೇ ಕಪ್ಪು ಬಿಯರು.’

‘ಹೋಗೇ, ನನ್ನ ಹತ್ರನೇ ಆಟ ಆಡ್ತೀಯಾ? ಕಹಿ ಎಲ್ಲಿ? ಇದು ಸಕ್ಕರೆ ಪಾಕ.’

‘ಕಹಿ ಇದೆಯಲ್ಲಣ್ಣ.’

ಮೇಸ್ತ್ರಿ ಇವರ ಮುಖವನ್ನೇ ನೋಡಿದರಂತೆ. ‘ನಿನಗೆ ಇದೆ’ ಎಂದರಂತೆ.

ವಯಸ್ಸಾಯಿತು, ಅಣ್ಣನ ನಾಲಿಗೆ ಹೋಗಿದೆ ಎಂದುಕೊಂಡು ರುಚಿಯಕ್ಕ ಆ ರಾತ್ರಿ ಮಲಗಿದರು. ಹಾಗೆಯೇ ಇರಲಿ ಎಂದು ಬೇಡಿಕೊಂಡರು. ಮರುದಿನ ಹೋಗಿ ಮುಂದಿನ ಬೀದಿಯ ಬಾರಿನವನನ್ನು ಕೇಳಿದರು. ಅವನು ಗ್ಲಾಸು ಒರೆಸುತ್ತಲೇ ಹೇಳಿದ: ‘ಹಳೇ ಗಿರಾಕಿಗಳು ಒಬ್ಬರೂ ಬೈಲಿಲ್ಲ ಅಕ್ಕ. ಒಬ್ಬೊಬ್ಬರಾಗಿ ಬೇರೇದು ಕೇಳೋಕೆ ಶುರು ಮಾಡಿದ್ರು, ಅಷ್ಟೇ.’

ಮೋಸ ಎಲ್ಲೂ ನಡೆದಿರಲಿಲ್ಲ. ಒಂದು ವರ್ಷ ಹುರಿದ ಬಾರ್ಲಿ ಬೇರೆ ಕಡೆಯಿಂದ ಬಂತು, ಇನ್ನೊಂದು ವರ್ಷ ಬಾವಿಯ ನೀರು ಬದಲಾಯಿತು. ಪ್ರತಿ ಸಲವೂ ವ್ಯತ್ಯಾಸ ಕೂದಲೆಳೆಯಷ್ಟು. ಪ್ರತಿ ಸಲವೂ ಇವರು ಅದನ್ನು ಹಿಂದಿನ ವರ್ಷದ ನೆನಪಿನ ಪಕ್ಕ ಇಟ್ಟು ನೋಡಿದರು. ಪ್ರತಿ ಸಲವೂ ಕಂಡಿದ್ದನ್ನೇ ಹೇಳಿದರು: ‘ಹೋದ ವರ್ಷದ್ದೇ.’ ‘ಸುಳ್ಳು ಹೇಳಿದ್ರೆ ಎಲ್ಲಿ ಹೇಳಿದೆ ಅಂತ ಗೊತ್ತಿರ್ತಿತ್ತು. ಅಲ್ಲಿಂದ ಸರಿ ಮಾಡಬಹುದಿತ್ತು. ನಾನು ಒಂದು ವರ್ಷವೂ ಸುಳ್ಳು ಹೇಳಿಲ್ಲವಲ್ಲ’ ಎನ್ನುತ್ತಾರೆ.

ಹಳೆಯ ರುಚಿ ಉಳಿದಿದ್ದು ಮೇಸ್ತ್ರಿಯ ಬಾಯಲ್ಲಿ ಮಾತ್ರ. ರುಚಿಯಕ್ಕ ಅವರನ್ನು ಕಾಡಿ ಬೇಡಿ ಉಳಿಸಿಕೊಂಡರು. ಸಣ್ಣ ಪಾತ್ರೆಗಳಲ್ಲಿ ಮತ್ತೆ ಮತ್ತೆ ಕಾಯಿಸಿದರು. ಮೇಸ್ತ್ರಿ ಪ್ರತಿಯೊಂದನ್ನೂ ಚಪ್ಪರಿಸಿ, ‘ಹತ್ರ ಬಂತು’, ‘ಇನ್ನೂ ಹತ್ರ ಬಂತು’ ಎಂದರು. ಒಂದು ದಿನ ಗ್ಲಾಸು ಕೆಳಗಿಟ್ಟರು. ‘ಕ್ಷಮಿಸಮ್ಮ. ಇಷ್ಟೆಲ್ಲ ಕುಡಿದು ನನಗೂ ಅದು ಮರೆತುಹೋಯ್ತು’ ಎಂದರು. ಮಾರನೆಯ ದಿನವೇ ತಂಗಿಯ ಮನೆಗೆ ವಾಪಸು ಹೊರಟರು.

ಇವತ್ತು ಮೇಜಿನ ಮೇಲಿರುವುದು ಈ ಸಲದ ದೊಡ್ಡ ಟ್ಯಾಂಕಿನ ಬಿಯರ್. ಇದು ಮಾರಾಟವಾಗದಿದ್ದರೆ ಕಾರ್ಖಾನೆಗೆ ಬೀಗವೇ ಗತಿ. ಈಗಿನ ಯಜಮಾನರು ಇವರಿಗಿಂತ ಬಹಳ ಚಿಕ್ಕವರು. ಬಾಗಿಲಲ್ಲಿ ನಿಂತುಕೊಂಡೇ ಕೇಳುತ್ತಾರೆ: ‘ಅಕ್ಕ, ಒಂದು ಮಾತು ಹೇಳಿಬಿಡಿ. ಹುಡುಗರು ಯಂತ್ರದ ಮುಂದೆ ಕಾಯ್ತಿದಾರೆ.’

‘ಮಾರಿ ಯಜಮಾನ್ರೇ, ಬೇಡ ಅನ್ನಲ್ಲ. ಆದ್ರೆ ಹಳೇ ಹೆಸರು ಹಾಕ್ಬೇಡಿ. ಇದು ಅದಲ್ಲ.’

‘ಹೆಸರು ತೆಗೆದ್ರೆ ಯಾರು ಕೊಳ್ತಾರೆ? ಸರಿ, ಇದು ಅದಲ್ಲ. ಹಾಗಾದ್ರೆ ಅದು ಹೇಗಿತ್ತು, ಹೇಳಿ.’

ರುಚಿಯಕ್ಕ ಗ್ಲಾಸನ್ನು ಮತ್ತೆ ಎತ್ತಿ ಮೂಸಿ, ಹಾಗೆಯೇ ಕೆಳಗಿಡುತ್ತಾರೆ.

ಯಜಮಾನರು ಮೇಜಿನ ಸುತ್ತ ಕೂತಿರುವ ಉಳಿದ ನಾಲ್ವರ ಕಡೆ ತಿರುಗುತ್ತಾರೆ. ನಾಲ್ವರೂ ಗ್ಲಾಸು ಬೆಚ್ಚಗೆ ಮಾಡುತ್ತಾರೆ, ಬಸಿ ಸರಿಸುತ್ತಾರೆ, ಮೂಸುತ್ತಾರೆ, ನುಂಗುತ್ತಾರೆ, ಕಣ್ಣು ಮುಚ್ಚುತ್ತಾರೆ. ಯಾರಿಗೂ ಅವಸರವಿಲ್ಲ, ಯಾರೂ ಮತ್ತೊಬ್ಬರ ಮುಖ ನೋಡುವುದಿಲ್ಲ. ಲೆಕ್ಕ ಬರೆಯುವ ಹುಡುಗಿ ಮೊದಲು ಕಣ್ಣು ತೆರೆಯುತ್ತಾಳೆ. ಅವಳ ಕಣ್ಣಲ್ಲಿ ನೀರಿದೆ. ‘ನನಗೆ ಸುಳ್ಳು ಹೇಳೋಕೆ ಬರಲ್ಲ ಅಕ್ಕ’ ಎಂದು ಯಜಮಾನರತ್ತ ತಿರುಗಿ, ‘ಹೋದ ವರ್ಷದ್ದೇ’ ಅನ್ನುತ್ತಾಳೆ. ಉಳಿದ ಮೂವರೂ ಅದನ್ನೇ ಹೇಳುತ್ತಾರೆ.

ಗೋಡೆಯಾಚೆ ಯಂತ್ರ ಶುರುವಾಗುತ್ತದೆ, ಬಾಟಲಿಗಳು ಒಂದಕ್ಕೊಂದು ತಾಕುವ ಸದ್ದು ಕೇಳುತ್ತದೆ. ಎಲ್ಲರೂ ಎದ್ದು ಹೋಗುತ್ತಾರೆ. ರುಚಿಯಕ್ಕ ಗ್ಲಾಸುಗಳನ್ನು ಒಂದೊಂದಾಗಿ ಬರೀ ಬಿಸಿನೀರಲ್ಲಿ ತೊಳೆದು ಬೋರಲು ಹಾಕುತ್ತಾರೆ. ಹುಡುಗಿಯ ಮೇಲೆ ಸಿಟ್ಟು ಬಂತೇ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ.

‘ಅವರು ಹೇಳಿದ್ದು ನಿಜವೇ. ನಾಲ್ಕು ಜನರಲ್ಲಿ ಒಬ್ಬರೂ ತಪ್ಪಲಿಲ್ಲ ನೋಡಿದ್ರಲ್ಲ? ಅಷ್ಟು ಚೆನ್ನಾಗಿ ಕಲಿಸಿದೀನಿ.’