ತಾಲೀಮಿನ ಮಣ್ಣು ಬಳಿದ ಬೊಂಬೆ

ಇಚಲಕರಂಜಿಯಲ್ಲಿ ನಾನು ರಿಪೇರಿ ಮಾಡದ ಮಗ್ಗವಿಲ್ಲ, ಬೆನ್ನು ನೆಲಕ್ಕೆ ಹಚ್ಚಿ ಚಿತ್ ಮಾಡದ ಪೈಲವಾನನಿಲ್ಲ.

ಮಗ್ಗದ ಶೆಡ್ಡಿನ ಮಾಲಕಿ ಪದ್ಮಕ್ಕನ ಮನೆಯಲ್ಲಿ ಒಂದು ವಿಡಿಯೋ ಗೇಮ್ ಇದೆ. ಟಿವಿಗೆ ಜೋಡಿಸಿದ ಅದರ ತಟ್ಟೆಯ ಮೇಲೆ ಬೊಂಬೆ ಇಟ್ಟರೆ ಅದು ಟಿವಿಯೊಳಗೆ ಜೀವ ತಳೆದು ಕಾದಾಡುತ್ತದೆ. ಸೋತವರು ಬೊಂಬೆ ಬಿಟ್ಟುಕೊಡಬೇಕೆಂದು ನಾನೂ ಆಕೆಯೂ ಪಣ ಕಟ್ಟಿದೆವು. ಕೊಲ್ಲಾಪುರದ ಅಂಗಡಿಗಳನ್ನೆಲ್ಲ ಸುತ್ತಿ ತಂದಿದ್ದ ನನ್ನ ಕೆಂಪು ರಾಕ್ಷಸನಿಗೆ ಕುಸ್ತಿಯ ಪದ್ಧತಿಯಂತೆ ನಮ್ಮ ತಾಲೀಮಿನ, ಅಂದರೆ ಗರಡಿಯ, ಮಣ್ಣು ಬಳಿದು ತಟ್ಟೆಯ ಮೇಲಿಟ್ಟೆ. ಟಿವಿಯಲ್ಲಿ ಅವನು ಮಣ್ಣಿನ ಗುರುತೇ ಇಲ್ಲದೆ ಥಳಥಳ ಹೊಳೆಯುತ್ತ ಬಂದ.

“ಏನ್ರಿ ಮಾಮಾ, ನಿಮ್ಮ ಪೈಲವಾನ ದಾರ್ಯಾಗ ಜಳಕಾ ಮಾಡ್ಯಾನಲ್ರಿ!” ಎಂದಳು ಪದ್ಮಕ್ಕ.

“ತಡೀರಿ, ಅವನ ಪಟ್ಟು ನೋಡ್ರಿ,” ಎಂದೆ.

ವರ್ಷಗಟ್ಟಲೆ ಆಡಿಸಿ ಬಲ ತುಂಬಿಸಿದ್ದ ಆಕೆಯ ಆಮೆ ಬೊಂಬೆ ಒಂದೇ ಗುದ್ದಿಗೆ ಅವನನ್ನು ಅಂಗಾತ ಮಲಗಿಸಿತು.

“ಮಣ್ಣ ಒರಸಿ ಕೊಡ್ರಿ,” ಎಂದು ಕೈ ಚಾಚಿದಳು. ಒರಸಿಯೇ ಕೊಟ್ಟೆ.

ಆದರೂ ಬೆನ್ನು ನೆಲಕ್ಕೆ ಹತ್ತಿದ್ದು ಬೊಂಬೆಯದು. ನನ್ನದು ಕಡೆಯ ತನಕ ಸೋಫಾದ ಮೇಲೇ ಇತ್ತು.