ಗಾಡಿಯ ಕಾಲಿಗೆ ನೀರು

ನನ್ನ ಕಾರು ಬ್ರೇಕ್ ಒತ್ತಿದರೆ ನಡುಗುತ್ತಿತ್ತು. ಸುಮ್ಮನೆ ಓಡುವಾಗ ಸಾಧು ಪ್ರಾಣಿ. ಆದರೆ ಒಳ್ಳೆಯ ವೇಗದಲ್ಲಿದ್ದಾಗ ಬ್ರೇಕಿನ ಮೇಲೆ ಕಾಲಿಟ್ಟೆನೋ, ಸ್ಟೇರಿಂಗು ಕೈಯೊಳಗೇ ಗಡಗಡ ಅಲುಗುತ್ತಿತ್ತು. ಮೊದಮೊದಲು ಇಚಲಕರಂಜಿಯ ರಸ್ತೆಗಳನ್ನು ಬೈದೆ. ಬೈಸಿಕೊಳ್ಳುವುದಕ್ಕೆ ಅವು ಯಾವಾಗಲೂ ತಯಾರಾಗಿಯೇ ಇರುತ್ತವೆ. ಹೆದ್ದಾರಿಯ ನುಣ್ಣನೆಯ ಡಾಂಬರಿನ ಮೇಲೂ ಅದೇ ಗಡಗಡ ಆದಾಗ ಬೈಯಲು ಕಾರೊಂದೇ ಉಳಿಯಿತು.

ಮನೆಯಲ್ಲಿ ಯಾರೂ ನಂಬಲಿಲ್ಲ. ನಮ್ಮದು ಮಗ್ಗದ ಮನೆ. ಹಿತ್ತಲ ಶೆಡ್ಡಿನಲ್ಲಿ ಪವರ್‌ಲೂಮು ಬಡಿಯತೊಡಗಿದರೆ ಅಡುಗೆಮನೆಯ ತಾಟುಗಳೂ ಕುಣಿಯುತ್ತವೆ. ಹುಟ್ಟಿದಾಗಿನಿಂದ ಅಲುಗಾಡುತ್ತಲೇ ಇರುವವರಿಗೆ ಇನ್ನೊಂದು ನಡುಕ ಹೇಗೆ ತಿಳಿಯಬೇಕು? ಹೆಂಡತಿ ಪಕ್ಕದಲ್ಲಿ ಕೂತು, "ಎಲ್ಲಿ ನಡಗತೈತ್ರಿ? ನನಗೇನ್ ಗೊತ್ತಾಗವಲ್ದು" ಎಂದಳು.

ನನಗೆ ಮಾತ್ರ ಆತಂಕವಿತ್ತು. ನನ್ನ ಅಕ್ಕನನ್ನು ಗಡಹಿಂಗ್ಲಜದ ಪಕ್ಕದ ಹಳ್ಳಿಗೆ ಕೊಟ್ಟಿದೆ. ಅವಳ ಮಗಳು ಕೊಲ್ಹಾಪುರದಲ್ಲಿ ಹೆತ್ತಿದ್ದಳು. "ನಿನ್ನ ನಾನ ಕರಕೊಂಡ ಹೋಗಿ ಕೂಸಿನ ತೋರಸ್ತೇನಿ" ಎಂದು ಅಕ್ಕನಿಗೆ ಜಂಬದಿಂದ ಮಾತು ಕೊಟ್ಟುಬಿಟ್ಟಿದ್ದೆ. ದಾರಿಯಲ್ಲಿ ಘಾಟವಿದೆ. ಇಳಿಜಾರಿನಲ್ಲಿ ಹೀಗೆ ನಡುಗುವ ಬ್ರೇಕನ್ನು ನೆಚ್ಚಿ ಅಕ್ಕನನ್ನು ಕೂರಿಸಿಕೊಳ್ಳುವುದು ಹೇಗೆ?

ಕೊರೋಚಿಯಲ್ಲಿ ನನ್ನ ಮೆಕ್ಯಾನಿಕ್ ಇದ್ದಾನೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಮೊದಲು ಗಾಲಿಗಳ ಅಲೈನ್‌ಮೆಂಟ್ ಎಂದ, ಮಾಡಿದ. ಆಮೇಲೆ ಬ್ಯಾಲೆನ್ಸಿಂಗ್ ಎಂದ, ಅದನ್ನೂ ಮಾಡಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ನನಗೆ ಸಿಟ್ಟು ಬೇಗ ಬರುತ್ತದೆ. ಚಾವಿಯನ್ನು ಅವನ ಕೈಗೆ ತುರುಕಿ, "ನೀನ ಹೊಡಕೊಂಡ ಹೋಗಿ ನೋಡ್ಕೊಂಡ ಬಾ" ಎಂದೆ. ಹೋಗಿ ಬಂದವನು ಮುಂದಿನ ಗಾಲಿ ಬಿಚ್ಚಿದ. ಒಳಗಿನ ಡಿಸ್ಕಿಗೆ, ಅಂದರೆ ಬ್ರೇಕು ಕಚ್ಚಿ ಹಿಡಿಯುವ ಉಕ್ಕಿನ ತಟ್ಟೆಗೆ, ಗಡಿಯಾರದಂಥ ಗೇಜೊಂದನ್ನು ಹಚ್ಚಿ ಮೆಲ್ಲಗೆ ತಿರುಗಿಸಿದ. ಮುಳ್ಳು ನಿಂತಲ್ಲಿ ನಿಲ್ಲದೆ ಆಚೆಗೂ ಈಚೆಗೂ ಓಡಾಡಿತು.

"ಡಿಸ್ಕ್ ಡೊಂಕ ಆಗೇತ್ರಿ ಅಣ್ಣಾರ. ಬ್ರೇಕ್ ಹಿಡದಾಗ ಒಮ್ಮಿ ಉಬ್ಬ ಸಿಗತೈತಿ, ಒಮ್ಮಿ ತಗ್ಗ. ಸ್ಟೇರಿಂಗ್ ನಡಗದ ಏನ್ ಮಾಡತೈತಿ? ನಾ ಮೊದಲ ಹೇಳಿದ್ನೆಲ್ರಿ!"

ಹೇಳಿರಲಿಲ್ಲ. ಎರಡೂ ಡಿಸ್ಕುಗಳನ್ನು ಲೇತಿಗೆ ಹಾಕಿ ಸಮ ಮಾಡಿಸಿ ತಂದ, ಹೊಸ ಪ್ಯಾಡ್ ಕೂರಿಸಿದ. "ಆತಾ ಬಘಾ, ಲೋಣೀ!" ಎಂದು ಮರಾಠಿಯಲ್ಲಿ ಮೆರೆದ. ನಿಜಕ್ಕೂ ಬೆಣ್ಣೆಯೇ. ಆ ಖುಷಿಯಲ್ಲೇ ಅಕ್ಕನ ಮನೆಗೆ ಹೋಗಿ ಮಾತಾಡಿಸಿಕೊಂಡು ಬಂದೆ. ಮರುದಿನ ಹೆದ್ದಾರಿಯಲ್ಲಿ ಬ್ರೇಕ್ ಒತ್ತಿದರೆ ಮತ್ತೆ ಗಡಗಡ.

ಈ ಸಲ ಮೆಕ್ಯಾನಿಕ್ ನನ್ನ ಮೇಲೆಯೇ ಏರಿ ಬಂದ. "ಕಾದ ಡಿಸ್ಕಿಗೆ ತಣ್ಣೀರ್ ಬಿತ್ತಂದ್ರ ಹಿಂಗ ಆಗತೈತ್ರಿ. ದೂರದಿಂದ ಬಂದ ಕೂಡ್ಲೇ ಗಾಡಿ ತೊಳೀತೀರಿ, ಹೌದಿಲ್ಲೋ?"

ನನ್ನ ಕಾರು ಮಳೆ ಬಂದಾಗಷ್ಟೇ ಮೀಯುತ್ತದೆ. ಹಾಗೆಂದೆ. ಅವನು ನಂಬಲಿಲ್ಲ. ಇನ್ನೊಮ್ಮೆ ಲೇತಿಗೆ ಹಾಕಿಸಿ, "ಇನ್ನ ತಿಕ್ಕಾಕ ಇದರಾಗ ಏನೂ ಉಳದಿಲ್ಲ, ಮುಂದಿನ ಸಲ ಹೊಸಾವ ಹಾಕೂದ" ಎಂದು ಎಚ್ಚರಿಸಿ ಕಳಿಸಿದ.

ಅಕ್ಕನನ್ನು ಕರೆದೊಯ್ಯುವ ದಿನ ಬಂತು. ಅವಳ ಊರಿನ ಮುಂದೆ ಉದ್ದನೆಯ ಇಳಿಜಾರು, ಅದರ ತುಂಬ ಸ್ಪೀಡ್ ಬ್ರೇಕರು. ಬ್ರೇಕ್ ಹಿಡಿದುಕೊಂಡೇ ಇಳಿದು ಅಂಗಳದಲ್ಲಿ ನಿಲ್ಲಿಸಿದೆ. ಎಂದಿನಂತೆ ಫೋನು ಕಿವಿಗಿಟ್ಟುಕೊಂಡೇ ಬಾಗಿಲತ್ತ ಹೊರಟಿದ್ದೆ, ಅಷ್ಟರಲ್ಲಿ ಕರೆ ಕಟ್ಟಾಯಿತು. ಹಿಂದೆ ಚುಸ್ ಎಂದು ಸದ್ದು. ತಿರುಗಿ ನೋಡಿದರೆ ಮುಂದಿನ ಗಾಲಿಯಿಂದ ಹಬೆ ಏಳುತ್ತಿದೆ. ಪಕ್ಕದಲ್ಲಿ ತಂಬಿಗೆ ಹಿಡಿದು ಬಗ್ಗಿ ನಿಂತ ಅಕ್ಕ.

"ಅಕ್ಕಾ, ಏನ್ ಮಾಡಾಕತ್ತೀ?"

"ಅದೂ ಅಷ್ಟ ದೂರದಿಂದ ಬಂದೈತಲ್ಲೋ ತಮ್ಮಾ. ಕಾಲಿಗೆ ನೀರ ಕೊಡಾಕತ್ತೇನಿ."

ನಮ್ಮ ಕಡೆ ಬಂದವರಿಗೆ ಮೊದಲು ಕೊಡುವುದು ಕಾಲಿಗೆ ನೀರು. ಕಾಲು ತೊಳೆದ ಮೇಲೆಯೇ ಮಾತು, ಚಹಾ, ಊಟ.

"ಪ್ರತಿ ಸಲಾನೂ ಹಿಂಗ ಹಾಕತಿದ್ದೀ?"

"ಮತ್ತ? ಎರಡೂ ಮುಂಗಾಲಿಗೆ."

ನಗು ಬಂತು, ಅದರ ಬೆನ್ನಿಗೇ ಸಂಕಟ. ಹೇಳಿದರೆ ನೊಂದುಕೊಳ್ಳುತ್ತಾಳೆ. ಹೇಳದಿದ್ದರೆ ಇವಳ ಪ್ರೀತಿ ಹೀಗೇ ಡಿಸ್ಕುಗಳನ್ನು ಸೊಟ್ಟ ಮಾಡುತ್ತಲೇ ಹೋಗುತ್ತದೆ. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಅದೇ ಕಾರಿನಲ್ಲಿ ಇವಳನ್ನೇ ಕೂರಿಸಿಕೊಂಡು ಘಾಟ ಇಳಿಯಬೇಕಲ್ಲ. ಆದಷ್ಟು ಮೆತ್ತಗೆ ಹೇಳಿದೆ.

ಅವಳ ಮುಖ ಸಣ್ಣದಾಯಿತು. ತಂಬಿಗೆಯನ್ನು ಕಟ್ಟೆಯ ಮೇಲಿಟ್ಟಳು.

"ಹಂಗಾರ ನಾನ ಕೆಡಿಸಿದ್ನ್ಯಾ?"

"ಹಂಗಲ್ಲಕ್ಕಾ. ಗಾಡಿಗ್ಯಾಕ ಕಾಲ್ನೀರು, ಅದೇನ್ ಬೀಗರೇನು?"

"ನೀ ಬಸ್ಸಿನ್ಯಾಗ ಬರತಿದ್ದಾಗ ಕಾಲ್ ತೊಳಕೊಂಡ ಒಳಗ ಬರತಿದ್ದಿ. ಉಂಡ, ಮಲಗಿ, ಮುಂಜಾನೆ ಹೋಗತಿದ್ದಿ. ಗಾಡಿ ತಗೊಂಡಾಗಿಂದ ಬೂಟ ಸೈತ ಬಿಚ್ಚಂಗಿಲ್ಲ. ಬಾಗಲದಾಗ ನಿಂತ ಚಾ ಕುಡದ ಹೊಂಟಬಿಡತಿ. ತುಂಬಿ ತಂದ ತಂಬಿಗಿ ಹಂಗ ಒಳಗ ಒಯ್ಯಾಕ ಮನಸ ಆಗಲಿಲ್ಲೋ. ಗಾಡಿಗೆ ಹಾಕಿದ್ನಿ."

ಅವಳ ದನಿಯಲ್ಲಿ ದೂರೇನೂ ಇರಲಿಲ್ಲ. ಅದಕ್ಕೇ ನನಗೆ ತಡೆದುಕೊಳ್ಳಲಾಗಲಿಲ್ಲ.

"ಇವತ್ತ ಬ್ಯಾಡಕ್ಕಾ" ಎಂದೆ. "ನಾಳಿಗೆ ಬಸ್ಸಿನ್ಯಾಗ ಹೋಗೂಣು ಕೂಸಿನ ನೋಡಾಕ. ಇವತ್ತ ಇಲ್ಲೇ ಇರತೇನಿ."

ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚಿ ಕಾಲುಚೀಲ ಎಳೆದೆ. ತಂಬಿಗೆಯಲ್ಲಿ ಅರ್ಧ ನೀರು ಇನ್ನೂ ಇತ್ತು. ಅಕ್ಕ ಅದನ್ನು ಅಂಗಳಕ್ಕೆ ಚೆಲ್ಲಿ, ಒಳಗೆ ಹೋಗಿ, ಹೊಸದಾಗಿ ತುಂಬಿಸಿಕೊಂಡು ಬಂದಳು.